ಓದುಗರ ಪ್ರಶ್ನೆ, ವೈದ್ಯರ ಉತ್ತರ: ದುಡಿಯುವ ಜಾಗದ ರಾಸಾಯನಿಕಗಳು ಮತ್ತು ಕಣ್ಣು

ರಾಸಾಯನಿಕಗಳ ನಡುವೆ ವರ್ಷಗಟ್ಟಲೆ ದುಡಿದವರು ಮತ್ತು ಅವರ ಮನೆಯವರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಕೋರಿಕೆಯಂತೆ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 41 ವರ್ಷ. ಹದಿನಾಲ್ಕು ವರ್ಷಗಳಿಂದ ಫೈಬರ್‌ಗ್ಲಾಸ್ ಕೆಲಸದಲ್ಲಿದ್ದೇನೆ. ರೆಸಿನ್ ಕಲಸುವುದು, ಅಚ್ಚಿಗೆ ಬ್ರಷ್‌ನಿಂದ ಹಚ್ಚುವುದು, ರೋಲರ್ ಹೊಡೆಯುವುದು, ಕೊನೆಗೆ ಅಸಿಟೋನ್‌ನಲ್ಲಿ ಕೈ ತೊಳೆಯುವುದು ನನ್ನ ದಿನಚರಿ. ಒಂದು ವರ್ಷದಿಂದ ಕಡುನೀಲಿ ಮತ್ತು ಕಪ್ಪು ಕಾಲುಚೀಲಗಳನ್ನು ಬೇರ್ಪಡಿಸಲು ಕಷ್ಟವಾಗುತ್ತಿದೆ. ಕಳೆದ ತಿಂಗಳು ತಿಳಿಹಸಿರು ಬಣ್ಣದ ಡಬ್ಬವನ್ನು ತಿಳಿನೀಲಿ ಎಂದುಕೊಂಡು ಒಂದು ಅಚ್ಚನ್ನೇ ಹಾಳುಮಾಡಿದೆ. ಕಣ್ಣಿನ ವೈದ್ಯರು ದೃಷ್ಟಿ 6/6 ಇದೆ ಎಂದರು. ಚುಕ್ಕೆಗಳ ಪುಸ್ತಕದಲ್ಲಿದ್ದ ಅಂಕಿಗಳನ್ನೂ ಸರಿಯಾಗಿಯೇ ಓದಿದೆ. ಹಾಗಾದರೆ ಇದು ನನ್ನ ಭ್ರಮೆಯೇ?

ಉತ್ತರ: ಭ್ರಮೆ ಎಂದು ತಳ್ಳಿಹಾಕಬೇಡಿ. ನಿಮಗೆ ಮಾಡಿದ ಎರಡೂ ಪರೀಕ್ಷೆಗಳು ಸರಿಯಾಗಿಯೇ ನಡೆದಿರಬಹುದು, ಆದರೆ ನೀವು ಹೇಳುತ್ತಿರುವ ತೊಂದರೆಯನ್ನು ಹಿಡಿಯುವ ಶಕ್ತಿ ಅವೆರಡಕ್ಕೂ ಇಲ್ಲ. 6/6 ಎಂದರೆ ಬಿಳಿ ಫಲಕದ ಮೇಲಿನ ಕಪ್ಪು ಅಕ್ಷರಗಳನ್ನು ನಿಗದಿತ ದೂರದಿಂದ ಗುರುತಿಸಬಲ್ಲಿರಿ ಎಂದಷ್ಟೇ ಅರ್ಥ. ಬಣ್ಣಗಳ ಸೂಕ್ಷ್ಮ ಭೇದವನ್ನಾಗಲಿ, ಮಸುಕು ಬೆಳಕಿನಲ್ಲಿ ಛಾಯೆಗಳ ಅಂತರವನ್ನಾಗಲಿ ಅದು ಅಳೆಯುವುದಿಲ್ಲ. ಚುಕ್ಕೆಗಳ ಪುಸ್ತಕವೆಂದು ನೀವು ಬರೆದಿರುವುದು ಬಹುಶಃ ಇಷಿಹಾರ ಫಲಕಗಳು. ಜಪಾನಿನ ನೇತ್ರವೈದ್ಯ ಶಿನೋಬು ಇಷಿಹಾರ ಅವರು 1917ರಲ್ಲಿ ಪ್ರಕಟಿಸಿದ ಈ ಫಲಕಗಳು ಹುಟ್ಟಿನಿಂದಲೇ ಬರುವ ಕೆಂಪು-ಹಸಿರು ಬಣ್ಣಗುರುಡನ್ನು ಪತ್ತೆಹಚ್ಚುವುದಕ್ಕಾಗಿ ರೂಪುಗೊಂಡವು. ದ್ರಾವಕಗಳ ಆವಿಯಿಂದ ಬರುವ ದೋಷ ಸಾಮಾನ್ಯವಾಗಿ ನೀಲಿ-ಹಳದಿ ಕಡೆಯಿಂದ ಶುರುವಾಗುತ್ತದೆ, ಆ ದೋಷವಿರುವವರು ಇಷಿಹಾರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಓದಿ ಮುಗಿಸಬಹುದು.

ನೀವು ಹಚ್ಚುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಎಂಬ ದ್ರಾವಕವಿರುತ್ತದೆ. ಶೆಡ್ಡಿನ ಬಾಗಿಲಲ್ಲೇ ಮೂಗಿಗೆ ಬಡಿಯುವ ಆ ಸಿಹಿಮಿಶ್ರಿತ ಕಟು ವಾಸನೆ ಅದರದ್ದು. ಫೈಬರ್‌ಗ್ಲಾಸ್ ಕಾರ್ಮಿಕರಲ್ಲಿ ಬಣ್ಣ ಗುರುತಿಸುವ ಶಕ್ತಿ ಕುಂದುವುದನ್ನು 1990ರ ದಶಕದಿಂದೀಚೆಗೆ ಹಲವು ದೇಶಗಳ ಅಧ್ಯಯನಗಳು ದಾಖಲಿಸಿವೆ. ಟಾಲೂಯೀನ್, ಡ್ರೈಕ್ಲೀನಿಂಗ್‌ನಲ್ಲಿ ಬಳಸುವ ಪರ್‌ಕ್ಲೋರೋಎಥಿಲೀನ್, ಅಂಟುಗಳಲ್ಲಿರುವ ಹೆಕ್ಸೇನ್, ವಿಸ್ಕೋಸ್ ನೂಲಿನ ಕಾರ್ಖಾನೆಗಳ ಕಾರ್ಬನ್ ಡೈಸಲ್ಫೈಡ್ ಇವುಗಳ ಬಗ್ಗೆಯೂ ಇಂಥದೇ ವರದಿಗಳಿವೆ.

ಆವಿ ಕಣ್ಣಿಗೆ ತಾಗಿದ್ದರಿಂದಲೇ ಹೀಗಾಗಿದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಮುಖ್ಯ ದಾರಿ ಅದಲ್ಲ. ದ್ರಾವಕ ಉಸಿರಿನೊಂದಿಗೆ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ, ರಕ್ತದ ಮೂಲಕ ಕಣ್ಣಿನ ಹಿಂಬದಿಯ ರೆಟಿನಾಕ್ಕೆ ಮತ್ತು ದೃಷ್ಟಿನರಕ್ಕೆ ತಲುಪುತ್ತದೆ. ರೆಟಿನಾ ಎಂಬುದು ಮಿದುಳಿನದೇ ಚಾಚಿದ ತುಣುಕು, ಅದರ ಬೆಳಕುಗ್ರಾಹಿ ಕೋಶಗಳ ಪೊರೆಗಳು ಕೊಬ್ಬಿನಂಶದಿಂದ ತುಂಬಿರುತ್ತವೆ. ಕೊಬ್ಬಿನಲ್ಲಿ ಕರಗುವುದು ಈ ದ್ರಾವಕಗಳ ಸ್ವಭಾವವಾದ್ದರಿಂದ ಅವುಗಳಿಗೆ ಅಲ್ಲಿ ಸುಲಭವಾಗಿ ಜಾಗ ಸಿಗುತ್ತದೆ. ನೀಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಒಟ್ಟು ಶಂಕುಕೋಶಗಳಲ್ಲಿ ಶೇಕಡಾ 5ರಿಂದ 10ರಷ್ಟು ಮಾತ್ರ ಇರುವುದರಿಂದ ಅಲ್ಲಿ ಸ್ವಲ್ಪ ನಷ್ಟವಾದರೂ ಅದನ್ನು ತುಂಬಿಕೊಡುವ ಮೀಸಲು ಕಡಿಮೆ. ಇದೇ ಕಾರಣಕ್ಕೆ ಬರೀ ಗಾಗಲ್ಸ್ ಹಾಕಿಕೊಂಡು ಬಟ್ಟೆಯ ಮಾಸ್ಕ್ ಕಟ್ಟಿಕೊಂಡವರಿಗೆ ಈ ವಿಷಯದಲ್ಲಿ ಯಾವ ರಕ್ಷಣೆಯೂ ಸಿಗುವುದಿಲ್ಲ. ಧೂಳು ತಡೆಯುವ ಮಾಸ್ಕ್ ಕೂಡ ಆವಿಯನ್ನು ತಡೆಯಲಾರದು. ಅಸಿಟೋನ್‌ನಲ್ಲಿ ಕೈ ತೊಳೆಯುವುದನ್ನು ಇಂದೇ ನಿಲ್ಲಿಸಿ. ಅದು ಚರ್ಮದ ಸಹಜ ಜಿಡ್ಡನ್ನು ಕಿತ್ತುಹಾಕಿ ಉಳಿದ ದ್ರಾವಕಗಳಿಗೆ ಒಳದಾರಿ ಮಾಡಿಕೊಡುತ್ತದೆ.

ನೀವು ಕೇಳಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆ ಡಿ-15 ಎಂಬ ಬಿಲ್ಲೆಗಳ ಪರೀಕ್ಷೆ, ಅದರಲ್ಲೂ ಬಣ್ಣ ತೆಳುವಾಗಿರುವ ಲಾಂಥೋನಿ ಮಾದರಿ. ಹಗಲಿನ ಬೆಳಕನ್ನು ಹೋಲುವ ದೀಪದ ಕೆಳಗೆ ಹದಿನೈದು ಪುಟ್ಟ ಬಿಲ್ಲೆಗಳನ್ನು ಕಲಸಿ ಮುಂದಿಡುತ್ತಾರೆ. ಒಂದು ಕಣ್ಣು ಮುಚ್ಚಿಕೊಂಡು, ನೀಲಿಯಿಂದ ಹಸಿರು, ಹಳದಿ, ಗುಲಾಬಿ, ನೇರಳೆಯವರೆಗೆ ಒಂದರ ಪಕ್ಕ ಒಂದನ್ನು ಛಾಯೆಯ ಕ್ರಮದಲ್ಲಿ ಜೋಡಿಸಬೇಕು. ನೀಲಿ-ಹಳದಿ ದೋಷವಿರುವವರು ಹಳದಿ ಬೆರೆತ ಹಸಿರು ಬಿಲ್ಲೆಯ ಪಕ್ಕಕ್ಕೆ ನಸುನೇರಳೆಯದನ್ನು ತಂದಿಟ್ಟು, ಕ್ರಮ ಸರಿಯಿದೆಯೆಂಬ ಪೂರ್ಣ ನಂಬಿಕೆಯಿಂದ ತಲೆಯೆತ್ತುತ್ತಾರೆ. ಹುಟ್ಟಿನ ಬಣ್ಣಗುರುಡು ಎರಡೂ ಕಣ್ಣುಗಳಲ್ಲಿ ಒಂದೇ ಸಮ ಇರುತ್ತದೆ, ಆಮೇಲೆ ಬಂದದ್ದು ಎರಡು ಕಣ್ಣುಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಇರಬಹುದು. ಆದ್ದರಿಂದ ಒಂದೊಂದೇ ಕಣ್ಣನ್ನು ನೋಡುವುದು ಮುಖ್ಯ. ಸಾಧ್ಯವಾದರೆ ಎರಡು ದಿನ ರಜೆಯ ನಂತರ ಒಮ್ಮೆ, ಪಾಳಿ ಮುಗಿದ ಸಂಜೆ ಇನ್ನೊಮ್ಮೆ ಮಾಡಿಸಿ. ಅಂದಂದಿನ ಆವಿಯ ಮಬ್ಬು ಎಷ್ಟು, ಉಳಿದುಕೊಂಡಿರುವ ಹಾನಿ ಎಷ್ಟು ಎಂಬುದು ಆಗ ಬೇರ್ಪಡುತ್ತದೆ. ಸ್ಟೈರೀನ್ ದೇಹದಲ್ಲಿ ಮಾರ್ಪಟ್ಟು ಮ್ಯಾಂಡೆಲಿಕ್ ಆಮ್ಲವಾಗಿ ಮೂತ್ರಕ್ಕೆ ಬರುತ್ತದೆ, ಪಾಳಿಯ ಕೊನೆಯಲ್ಲಿ ಅದನ್ನು ಅಳೆದರೆ ನಿಮ್ಮ ದೇಹಕ್ಕೆ ಎಷ್ಟು ಸ್ಟೈರೀನ್ ಸೇರುತ್ತಿದೆ ಎಂಬ ಅಂದಾಜು ಸಿಗುತ್ತದೆ.

ಆದರೆ ಈಗಲೇ ಸ್ಟೈರೀನ್ ಮೇಲೆ ಎಲ್ಲ ತಪ್ಪು ಹೊರಿಸಬೇಡಿ. ಸಕ್ಕರೆ ಕಾಯಿಲೆ, ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಕೆಡುವ ರೋಗ), ಕೆಲವು ಔಷಧಗಳು, ಮದ್ಯಪಾನ, ವಯಸ್ಸಿನೊಂದಿಗೆ ಹಳದಿಗಟ್ಟುವ ಮಸೂರ ಇವೆಲ್ಲವೂ ಬಣ್ಣದೃಷ್ಟಿಯನ್ನು ಕೆಡಿಸಬಲ್ಲವು. ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿ, ದೃಷ್ಟಿಕ್ಷೇತ್ರದ ಪರೀಕ್ಷೆ ಮತ್ತು ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸಿ, ಅವೆಲ್ಲ ಸರಿ ಇದ್ದರೆ ಆಗ ದ್ರಾವಕದತ್ತ ಬೊಟ್ಟು ಮಾಡುವುದು ನ್ಯಾಯ. ಕಳೆದುಕೊಂಡದ್ದು ಮರಳುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ. ಆವಿಯಿಂದ ದೂರವಾದ ಮೇಲೆ ಕೆಲವರಲ್ಲಿ ವಾರಗಳು ಅಥವಾ ತಿಂಗಳುಗಳಲ್ಲಿ ಸುಧಾರಣೆ ಕಂಡಿದೆ, ಹೆಚ್ಚು ಪ್ರಮಾಣದಲ್ಲಿ ಹೆಚ್ಚು ವರ್ಷ ಉಸಿರಾಡಿದ ಕೆಲವರಲ್ಲಿ ದೋಷ ಹಾಗೆಯೇ ಉಳಿದಿದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆವಿ ಹೊರಹೋಗುವಂತೆ ಅಚ್ಚಿನ ಬಳಿಯೇ ಎಕ್ಸಾಸ್ಟ್ ಹಾಕಿಸಬೇಕು, ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್‌ನ ಮಾಸ್ಕ್ ಬಳಸಬೇಕು, ಕಾರ್ಟ್ರಿಜ್‌ಗಳನ್ನು ಅವಧಿ ಮೀರುವ ಮೊದಲೇ ಬದಲಿಸಬೇಕು.

ಇನ್ನೊಂದು ಮಾತನ್ನು ಹೇಳದೆ ಈ ಉತ್ತರ ಮುಗಿಸಲಾರೆ. ರೆಸಿನ್‌ಗೆ ಬೆರೆಸುವ ಹಾರ್ಡ್‌ನರ್, ಅಂದರೆ ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್, ನಿಮ್ಮ ಶೆಡ್ಡಿನಲ್ಲಿ ಕಣ್ಣಿಗೆ ಎಲ್ಲಕ್ಕಿಂತ ಅಪಾಯದ ವಸ್ತು. ಅದರ ಒಂದು ಹನಿ ಸಿಡಿದರೂ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಸುಡುತ್ತದೆ, ಮತ್ತು ವಾಸಿಯಾಯಿತು ಎಂದುಕೊಂಡ ಗಾಯ ವರ್ಷಗಳ ನಂತರ ಮತ್ತೆ ಕೆರಳಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅದನ್ನು ಅಳೆಯುವ ಹೊತ್ತಿನಲ್ಲಿ ಮುಖಕ್ಕೆ ಒತ್ತಿಕೊಳ್ಳುವ ಗಾಗಲ್ಸ್ ಇರಲೇಬೇಕು, ಕಣ್ಣು ತೊಳೆಯುವ ನೀರು ಕೆಲವೇ ಹೆಜ್ಜೆಯ ದೂರದಲ್ಲಿರಬೇಕು.

ಪ್ರಶ್ನೆ: ನನ್ನ ಮಗನಿಗೆ 23 ವರ್ಷ. ಲೋಹದ ಬಿಡಿಭಾಗಗಳನ್ನು ಕೊರೆದು ಒರೆಸುವ ಕೆಲಸ. ಮೊದಲು ಎಥನಾಲ್ ಕೊಡುತ್ತಿದ್ದರು, ಅಗ್ಗವೆಂದು ಈಗ ಮೆಥನಾಲ್ ಕೊಡುತ್ತಿದ್ದಾರಂತೆ. ಕುಡಿದರೆ ಮಾತ್ರ ಕಣ್ಣು ಹೋಗುತ್ತದೆ, ಬಳಸಿದರೆ ಏನೂ ಆಗದು ಎಂದು ಮೇಲ್ವಿಚಾರಕರು ಹೇಳಿದ್ದಾರೆ. ತಾಯಿಯಾಗಿ ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ತಾಯಿ, ನಿಮ್ಮ ಆತಂಕಕ್ಕೆ ಕಾರಣವಿದೆ, ಮೇಲ್ವಿಚಾರಕರ ಮಾತು ತಪ್ಪು. ಮೆಥನಾಲ್ ಬಾಯಿಯಿಂದ ಹೋದರೂ, ಉಸಿರಿನಿಂದ ಹೋದರೂ, ನೆನೆದ ಬಟ್ಟೆ ಮತ್ತು ಕೈಗವಸಿನ ಮೂಲಕ ಚರ್ಮದಿಂದ ಹೋದರೂ ದೇಹದೊಳಗೆ ಅದರ ಗತಿ ಒಂದೇ. ಪಿತ್ತಜನಕಾಂಗ ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಈ ಫಾರ್ಮಿಕ್ ಆಮ್ಲ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿ ಆಮ್ಲಜನಕದ ಬಳಕೆಯನ್ನು ತಡೆಯುತ್ತದೆ, ಶಕ್ತಿಯ ಹಸಿವು ಹೆಚ್ಚಾಗಿರುವ ದೃಷ್ಟಿನರ ಮೊದಲು ಸೋಲುತ್ತದೆ.

2015 ಮತ್ತು 2016ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದದ್ದು ನಿಮ್ಮ ಮಗನ ಕೆಲಸಕ್ಕೆ ತೀರ ಹತ್ತಿರದ್ದು. ಮೊಬೈಲ್ ಫೋನಿನ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಲ್ಲಿ ಕೊರೆಯುತ್ತಿದ್ದ ಸಣ್ಣ ಉಪಗುತ್ತಿಗೆ ಘಟಕಗಳಲ್ಲಿ ಎಥನಾಲ್‌ಗಿಂತ ಅಗ್ಗವೆಂದು ಮೆಥನಾಲ್ ಬಳಸುತ್ತಿದ್ದರು. ಅಲ್ಲಿದ್ದ ಯಾರೂ ಅದನ್ನು ಕುಡಿದಿರಲಿಲ್ಲ. ಅದರ ಆವಿಯಲ್ಲಿ ಪಾಳಿಗಟ್ಟಲೆ ನಿಂತು ದುಡಿದ ಇಪ್ಪತ್ತು, ಮೂವತ್ತರ ಹರೆಯದ ಕೆಲವು ಕಾರ್ಮಿಕರು ದೃಷ್ಟಿ ಕಳೆದುಕೊಂಡರು. ಅವರಲ್ಲಿ ಕೆಲವರು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು.

ಮೆಥನಾಲ್ ಆವಿಗೆ ಎಂಟು ಗಂಟೆಯ ಸರಾಸರಿ ಮಿತಿಯಾಗಿ ಅನೇಕ ದೇಶಗಳು ಹತ್ತು ಲಕ್ಷ ಭಾಗ ಗಾಳಿಗೆ 200 ಭಾಗ ಎಂಬ ಪ್ರಮಾಣವನ್ನು ಇಟ್ಟುಕೊಂಡಿವೆ. ವಾಸನೆಯನ್ನು ನಂಬಿ ಈ ಮಿತಿಯನ್ನು ಅಂದಾಜಿಸಲಾಗದು, ಗಾಳಿಯನ್ನು ಅಳೆಯಲೇಬೇಕು. ಮಾಮೂಲಿ ಕಾರ್ಟ್ರಿಜ್ ಮಾಸ್ಕ್‌ಗಳೂ ಮೆಥನಾಲ್ ವಿಷಯದಲ್ಲಿ ಬಹುಬೇಗ ಸೋಲುತ್ತವೆ ಎಂಬುದು ಕಾರ್ಮಿಕರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಇಲ್ಲಿ ನಿಜವಾದ ಪರಿಹಾರ ಒಂದೇ: ಮೆಥನಾಲ್ ಅನ್ನು ಆ ಕೆಲಸದಿಂದ ತೆಗೆದು ಮತ್ತೆ ಎಥನಾಲ್ ಅಥವಾ ನೀರು ಆಧಾರಿತ ದ್ರವಕ್ಕೆ ಮರಳುವುದು. ಉಳಿತಾಯವಾಗುವ ಹಣ ಎಷ್ಟೇ ಇರಲಿ, ಅದನ್ನು ಒಬ್ಬ ಹುಡುಗನ ಕಣ್ಣಿನ ಎದುರು ತೂಗಿ ನೋಡುವ ಮಾತೇ ನನಗೆ ಒಪ್ಪಿಗೆಯಿಲ್ಲ.

ಮಗನಿಗೆ ಈ ಲಕ್ಷಣಗಳನ್ನು ಹೇಳಿಕೊಡಿ. ತಲೆನೋವು, ವಾಕರಿಕೆ, ಅಮಲಿನಂಥ ಮಂಕು ಬಂದು ಹೋಗಬಹುದು. ಆಮೇಲೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಕಾಲ ಏನೂ ಆಗಿಲ್ಲವೆಂಬಂತೆ ಇದ್ದು, ನಂತರ ಕಣ್ಣ ಮುಂದೆ ಬಿಳಿ ಮಂಜು ಕವಿದಂತೆ, ಹಿಮ ಸುರಿಯುತ್ತಿರುವಾಗ ನೋಡಿದಂತೆ ಆಗಬಹುದು. ಹಾಗಾದ ಕ್ಷಣ ಕನ್ನಡಕದ ಅಂಗಡಿಗಲ್ಲ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ "ಮೆಥನಾಲ್" ಎಂಬ ಪದವನ್ನೇ ಮೊದಲು ಹೇಳಬೇಕು. ಫೋಮೆಪಿಜೋಲ್ ಅಥವಾ ಎಥನಾಲ್ ಎಂಬ ಪ್ರತಿವಿಷವನ್ನು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಆಧಾರದ ಮೇಲೆ ಕೊಡುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡುತ್ತಾರೆ. ಬೇಗ ಸಿಕ್ಕಷ್ಟೂ ನರ ಉಳಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲೇ ಮದ್ಯ ಕುಡಿಸಿ ಗುಣಪಡಿಸಲು ಯಾರೂ ಹೊರಡಬಾರದು.

ಪ್ರಶ್ನೆ: ಪಾಲಿಯುರೆಥೇನ್ ಫೋಮ್ ತಯಾರಿಸುವಲ್ಲಿ ಕೆಲಸ ಮಾಡುತ್ತೇನೆ. ಪಾಳಿ ಮುಗಿಯುವ ಹೊತ್ತಿಗೆ ಎಲ್ಲವೂ ನೀಲಿ ಹೊಗೆಯ ಹಿಂದೆ ಇದ್ದಂತೆ ಕಾಣುತ್ತದೆ, ದೀಪಗಳ ಸುತ್ತ ಬಳೆಯಂಥ ವೃತ್ತಗಳು. ನೋವಿಲ್ಲ. ಬೆಳಗ್ಗೆ ಏಳುವಾಗ ಎಲ್ಲ ಸರಿಯಾಗಿರುತ್ತದೆ. ನಮ್ಮಲ್ಲಿ ಹಲವರಿಗೆ ಹೀಗಾಗುತ್ತದೆ, ಇದು ಮಾಮೂಲು ಎನ್ನುತ್ತಾರೆ.

ಉತ್ತರ: ಹಲವರಿಗೆ ಒಟ್ಟಿಗೆ ಆಗುತ್ತಿರುವುದೇ ಇದರ ಮೂಲ ಕೆಲಸದ ಜಾಗದಲ್ಲಿದೆ ಎಂಬುದಕ್ಕೆ ಸೂಚನೆ. ಫೋಮ್ ಉಬ್ಬಿ ಗಟ್ಟಿಯಾಗಲು ಬೆರೆಸುವ ಅಮೈನ್ ಎಂಬ ವೇಗವರ್ಧಕಗಳ ಆವಿ ಕಾರ್ನಿಯಾದ ಮೇಲ್ಪದರಕ್ಕೆ ಇಳಿದು ಅಲ್ಲಿ ನೀರೂದುವಂತೆ ಮಾಡುತ್ತದೆ, ಊದಿದ ಪದರದಲ್ಲಿ ಬೆಳಕು ಚದುರಿ ನೀಲಿ ಮಬ್ಬು ಮತ್ತು ವೃತ್ತಗಳು ಕಾಣುತ್ತವೆ. ವೈದ್ಯರು ಇದನ್ನು ಗ್ಲಾಕಾಪ್ಸಿಯಾ ಎನ್ನುತ್ತಾರೆ. ಆವಿಯಿಂದ ದೂರವಾದ ಕೆಲವು ಗಂಟೆಗಳಲ್ಲಿ ಊತ ಇಳಿಯುವುದರಿಂದ ಬೆಳಗ್ಗೆ ತಿಳಿಯಾಗಿರುತ್ತದೆ. ಮೊದಲ ಪತ್ರದವರ ತೊಂದರೆಗಿಂತ ಇದು ಬೇರೆ, ಇಲ್ಲಿ ಪೆಟ್ಟು ಬೀಳುವುದು ಕಣ್ಣಿನ ಮುಂಭಾಗಕ್ಕೆ.

ತಾತ್ಕಾಲಿಕವಾದರೂ ಇದನ್ನು ಮಾಮೂಲು ಎಂದು ಒಪ್ಪಿಕೊಳ್ಳಬಾರದು. ನೀವು ಮಬ್ಬುಗಣ್ಣಿನಲ್ಲಿ ಯಂತ್ರದ ಪಕ್ಕ ನಿಂತಿರುತ್ತೀರಿ, ಅದೇ ಕಣ್ಣಿನಲ್ಲಿ ರಾತ್ರಿ ವಾಹನ ಓಡಿಸಿಕೊಂಡು ಮನೆಗೆ ಹೋಗುತ್ತೀರಿ. ಗಾಳಿಯಲ್ಲಿ ಅಮೈನ್ ಮಿತಿ ಮೀರಿದೆ ಎಂದು ಯಾವ ಮೀಟರಿಗಿಂತಲೂ ಮೊದಲು ನಿಮ್ಮ ಕಣ್ಣುಗಳು ಹೇಳುತ್ತಿವೆ. ಯಾವ ದಿನ, ಯಾವ ಪಾಳಿ, ಯಾವ ಮಿಶ್ರಣದ ದಿನ, ಎಷ್ಟು ಜನರಿಗೆ ಎಂದು ಎರಡು ವಾರ ಬರೆದಿಟ್ಟು ಎಲ್ಲರೂ ಸೇರಿ ಲಿಖಿತವಾಗಿ ತಿಳಿಸಿ. ಒಂದು ಎಚ್ಚರಿಕೆ ಮಾತ್ರ ನೆನಪಿರಲಿ: ವೃತ್ತಗಳ ಜೊತೆಗೆ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ ಬಂದರೆ ಅದು ಗ್ಲಾಕೋಮಾದ ದಿಢೀರ್ ದಾಳಿಯಾಗಿರಬಹುದು, ಆಗ ಬೆಳಗಾಗಲಿ ಎಂದು ಕಾಯಬಾರದು.

ವಿಸ್ಕೋಸ್ ನೂಲು, ಚರಂಡಿ, ಕೊಳಚೆ ಗುಂಡಿಗಳಲ್ಲಿ ದುಡಿಯುವವರಿಗೂ ದೀಪದ ಸುತ್ತ ಇಂಥ ವೃತ್ತಗಳು ಕಾಣುವುದುಂಟು. ಅಲ್ಲಿ ಕಾರಣ ಹೈಡ್ರೋಜನ್ ಸಲ್ಫೈಡ್. ಆ ಅನಿಲದ ಕೊಳೆತ ಮೊಟ್ಟೆಯ ವಾಸನೆ ಪ್ರಮಾಣ ಹೆಚ್ಚಿದಾಗ ಮೂಗಿಗೆ ತಿಳಿಯದಂತಾಗುತ್ತದೆ. ವಾಸನೆ ನಿಂತಿತೆಂದು ಒಳಗಿಳಿದರೆ ಕಣ್ಣಿಗಷ್ಟೇ ಅಲ್ಲ, ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಫೋಟೋ ಡೆವಲಪರ್ ರಾಸಾಯನಿಕಗಳನ್ನು ತಯಾರಿಸುವಲ್ಲಿ ಇಪ್ಪತ್ತು ವರ್ಷ ದುಡಿದು ಕೆಲಸ ಬಿಟ್ಟು ಎಂಟು ವರ್ಷವಾಯಿತು. ಕಣ್ಣಿನ ಬಿಳಿಭಾಗದಲ್ಲಿ ಕಂದು ಬಣ್ಣ ಉಳಿದಿದೆ. ಈಗ ಕನ್ನಡಕದ ಸಂಖ್ಯೆ ಪದೇಪದೇ ಬದಲಾಗುತ್ತಿದೆ. ಬಿಟ್ಟು ಬಂದ ಕೆಲಸಕ್ಕೂ ಇದಕ್ಕೂ ಸಂಬಂಧ ಇರಬಹುದೇ?

ಉತ್ತರ: ಇರಬಹುದು. ಫೋಟೋ ಡೆವಲಪರ್‌ನಲ್ಲಿ ಬಳಸುವ ಹೈಡ್ರೋಕ್ವಿನೋನ್‌ನ ಧೂಳು ಮತ್ತು ಅದರಿಂದ ಹುಟ್ಟುವ ಕ್ವಿನೋನ್ ಆವಿ ಕಣ್ಣಿನ ಮೇಲ್ಮೈಯಲ್ಲಿ, ರೆಪ್ಪೆಗಳ ನಡುವೆ ತೆರೆದಿರುವ ಪಟ್ಟಿಯಷ್ಟು ಜಾಗಕ್ಕೆ, ಕಂದು ಕಲೆ ಹಿಡಿಸುತ್ತದೆ. ಕೆಲಸ ಬಿಟ್ಟ ಮೇಲೆ ಕಲೆ ಮಾಸಿದರೂ ಕಾರ್ನಿಯಾದ ಆಕಾರ ನಿಧಾನವಾಗಿ ಕೆಡುತ್ತಾ ಹೋಗಿ, ವರ್ಷಗಳ ನಂತರ ಸಿಲಿಂಡರ್ ಸಂಖ್ಯೆ (ಕಾರ್ನಿಯಾದ ಓರೆಕೋರೆ ಬಾಗುವಿಕೆಯನ್ನು ಸರಿದೂಗಿಸುವ ಕನ್ನಡಕದ ಸಂಖ್ಯೆ) ಏರುವುದನ್ನು ನೇತ್ರವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಕಾರ್ನಿಯಾದ ಉಬ್ಬುತಗ್ಗುಗಳ ನಕ್ಷೆ ತೆಗೆಯುವ ಟೊಪೋಗ್ರಫಿ ಪರೀಕ್ಷೆ ಮಾಡಿಸಿ, ಹಳೆಯ ಕನ್ನಡಕದ ಚೀಟಿಗಳೆಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೊತೆಗೆ ಕೊಂಡೊಯ್ಯಿರಿ.

ಹೀಗೆ ತಡವಾಗಿ ಅಥವಾ ಮರೆಯಲ್ಲಿ ಬೆಳೆಯುವ ಹಾನಿಗೆ ಇನ್ನೊಂದು ಉದಾಹರಣೆ ಟಿಎನ್‌ಟಿ ಸ್ಫೋಟಕದ ಕಾರ್ಮಿಕರದು. ಅವರ ಕಣ್ಣಿನ ಪೊರೆ ಮಸೂರದ ಅಂಚಿನಿಂದ ಶುರುವಾಗುವುದರಿಂದ ನಡುವಿನ ದೃಷ್ಟಿ ಬಹುಕಾಲ ಚೆನ್ನಾಗಿಯೇ ಇರುತ್ತದೆ. ಪಾಪೆ ಹಿಗ್ಗಿಸಿ ನೋಡದ ಹೊರತು ಯಾರಿಗೂ ಅದು ಕಾಣುವುದಿಲ್ಲ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದೇ?

ಉತ್ತರ: ಹಿಂದೆ ಬೇಡವೇ ಬೇಡ ಎನ್ನುತ್ತಿದ್ದರು. 2005ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ, ಆ ಜಾಗದ ಅಪಾಯಗಳನ್ನು ಮೊದಲು ಪರಿಶೀಲಿಸಿ, ಲೆನ್ಸ್‌ನ ಮೇಲೆ ಸರಿಯಾದ ರಕ್ಷಣಾ ಕನ್ನಡಕ ಇದ್ದರೆ ಅನುಮತಿಸಬಹುದು ಎಂದು ಸಲಹೆ ನೀಡಿತು. ಲೆನ್ಸ್ ತಾನೇ ರಕ್ಷಣೆಯಲ್ಲ. ರಾಸಾಯನಿಕ ಸಿಡಿದರೆ ಲೆನ್ಸ್ ತೆಗೆಯುತ್ತಾ ನಿಲ್ಲಬೇಡಿ. ಮೊದಲು ನೀರು, ತೊಳೆಯುತ್ತಿರುವಾಗಲೇ ಲೆನ್ಸ್ ತೆಗೆಯಿರಿ, ಕನಿಷ್ಠ ಹದಿನೈದು ನಿಮಿಷ ತೊಳೆಯುವುದನ್ನು ನಿಲ್ಲಿಸಬೇಡಿ. ಕ್ಷಾರ ಬಿದ್ದಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು, ಏಕೆಂದರೆ ಅದು ಅಂಗಾಂಶವನ್ನು ಕರಗಿಸುತ್ತಾ ಒಳಗಿಳಿಯುತ್ತದೆ.

ಪ್ರಶ್ನೆ: ನನ್ನ ಯಜಮಾನರು ಬಳಸುವ ಡ್ರಮ್ಮುಗಳ ಮೇಲೆ ಬರೀ ಸಂಕೇತ ಸಂಖ್ಯೆ ಇರುತ್ತದೆ. ಕಣ್ಣಿನ ವೈದ್ಯರ ಬಳಿ ಹೋದಾಗ ಏನು ಹೇಳುವುದೆಂದೇ ತಿಳಿಯುವುದಿಲ್ಲ, ಅವರೂ ಕೆಲಸದ ಬಗ್ಗೆ ಕೇಳುವುದಿಲ್ಲ.

ಉತ್ತರ: ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಮಲಗುಂಡಿ ತೋಡುವವರ ಕಣ್ಣುಗಳು ಉರಿಯೂತದಿಂದ ಮಂಜಾಗುವುದನ್ನು ಕಂಡು, ಕುಶಲಕರ್ಮಿಗಳ ರೋಗಗಳ ಬಗ್ಗೆ 1700ರಲ್ಲಿ ಗ್ರಂಥ ಪ್ರಕಟಿಸಿದವರು. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ "ನಿನ್ನ ಕೆಲಸವೇನು?" ಎಂಬುದನ್ನೂ ಸೇರಿಸಬೇಕೆಂದು ಅವರು ವೈದ್ಯರಿಗೆ ಹೇಳಿದ್ದರು. ನಾವು ವೈದ್ಯರು ಇಂದಿಗೂ ಅದನ್ನು ಮರೆಯುತ್ತೇವೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಸಂಕೇತ ಸಂಖ್ಯೆಯ ಹಿಂದೆ ಒಂದು ದಾಖಲೆ ಇರುತ್ತದೆ. ರಾಸಾಯನಿಕ ಮಾರುವವರು ಕೊಡುವ ಸುರಕ್ಷತಾ ಮಾಹಿತಿ ಪತ್ರ, ಕೆಲಸಗಾರರ ಬಾಯಲ್ಲಿ ಎಸ್‌ಡಿಎಸ್, ಜಾಗತಿಕವಾಗಿ ಒಪ್ಪಿದ ಮಾದರಿಯಲ್ಲಿ 16 ವಿಭಾಗಗಳಲ್ಲಿ ಇರುತ್ತದೆ. ಮೂರನೆಯದರಲ್ಲಿ ಒಳಗಿನ ವಸ್ತುಗಳು ಮತ್ತು ಅವುಗಳ ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ), ನಾಲ್ಕನೆಯದರಲ್ಲಿ ಪ್ರಥಮ ಚಿಕಿತ್ಸೆ, ಎಂಟನೆಯದರಲ್ಲಿ ಗಾಳಿಯ ಮಿತಿ ಮತ್ತು ಯಾವ ಮಾಸ್ಕ್, ಯಾವ ಕೈಗವಸು ಬೇಕು ಎಂಬುದು, ಹನ್ನೊಂದನೆಯದರಲ್ಲಿ ದೇಹದ ಮೇಲಿನ ಪರಿಣಾಮಗಳು. ಯಜಮಾನರು ಅದನ್ನು ಕೇಳಿ ಪಡೆಯಲಿ. ಅದು ಸಿಗುವವರೆಗೆ ಡ್ರಮ್ಮಿನ ಚೀಟಿಯನ್ನೂ ಕೆಂಪು ಚೌಕದೊಳಗಿನ ಅಪಾಯದ ಚಿಹ್ನೆಗಳನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಸಾಕು, ವೈದ್ಯರಿಗೆ ಅದೇ ದೊಡ್ಡ ಸುಳಿವು. ಒಂದು ಹಾಳೆಯ ಮೇಲೆ ಇಷ್ಟನ್ನು ಬರೆಯಿರಿ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಗಂಟೆ, ಕಿಟಕಿ ಅಥವಾ ಎಕ್ಸಾಸ್ಟ್ ಇದೆಯೇ, ಯಾವ ಮಾಸ್ಕ್, ರಜೆಯ ದಿನ ಕಣ್ಣು ಹೇಗಿರುತ್ತದೆ, ಜೊತೆಯವರಿಗೂ ಹೀಗಾಗಿದೆಯೇ. ಆ ಹಾಳೆಯ ಒಂದು ಪ್ರತಿಯನ್ನು ವೈದ್ಯರ ಕಡತದಲ್ಲಿ ಸೇರಿಸಿ ಎಂದು ಕೇಳಿ, ಇನ್ನೊಂದು ಮನೆಯಲ್ಲಿರಲಿ.